ಕಣ್ಣು ಬಿಡುವ ತನಕ

ಅಪ್ಪನ ಶವಪೆಟ್ಟಿಗೆಯೆದುರಿನ ಮೊದಲ ಸಾಲಿಗೆ ಎಳೆಯುತ್ತಿದ್ದ ನೆನೆತ್‌ಳ ಕೈ ಕೊಸರಿಕೊಂಡು ಮೆರ್ಲಿ ಬಾಗಿಲ ಬಳಿಯೇ ನಿಂತಳು.

“ಬನ್ನಿ ಮನಾಂಗ್, ಮಗಳು ಮುಂದೆ ಕೂರದೆ ಇನ್ಯಾರು ಕೂರ್ತಾರೆ?”

“ನೀವೇ ಕೂತ್ಕೊಳ್ಳಿ. ನೀವೂ ಮಕ್ಕಳೇ ಅಲ್ವಾ?”

ಮನಾಂಗ್ ಅಂದರೆ ಅಕ್ಕ. ಶಿಕಾಗೊದಲ್ಲಿ ತನಗೆ ಇಷ್ಟೊಂದು ತಮ್ಮ ತಂಗಿಯರಿದ್ದಾರೆಂದು ನಿನ್ನೆ ವಿಮಾನ ಇಳಿಯುವ ತನಕ ಮೆರ್ಲಿಗೆ ಗೊತ್ತಿರಲಿಲ್ಲ. ಹನ್ನೊಂದು ಜನ. ಎಲ್ಲರೂ ಫಿಲಿಪೀನ್ಸಿನಿಂದ ನರ್ಸುಗಳಾಗಿ ಬಂದವರು. ಅಪ್ಪನೂ ಹಾಗೇ ಬಂದವನು. ನಲವತ್ತು ದಾಟಿದ ಮೇಲೆ ಮತ್ತೆ ಪುಸ್ತಕ ಹಿಡಿದು ಅರಿವಳಿಕೆ ಕೊಡುವ ನರ್ಸಾದ. ಆಮೇಲೆ ಇವರನ್ನೆಲ್ಲ ತನ್ನ ಅಡುಗೆಮನೆಯಲ್ಲಿ ಕೂರಿಸಿ, ಉಣಿಸಿ, ಬೈದು, ಅದೇ ದಾರಿಗೆ ಹಚ್ಚಿದ. ಅವರು ಅವನನ್ನು ತಾತಾಂಗ್ ಎನ್ನುತ್ತಿದ್ದರು, ಅಪ್ಪ ಎಂದು. ಮೆರ್ಲಿ ಮೂವತ್ತು ವರ್ಷ ಫೋನಿಗಷ್ಟೇ ಹೇಳಿದ ಪದ ಅದು. ಸತ್ತವನ ಮನೆಯಲ್ಲೂ ಹೊಟ್ಟೆಕಿಚ್ಚೇ ಎಂದು ಯಾರಾದರೂ ಕೇಳಿದ್ದರೆ ಅವಳು ಹೌದು ಎನ್ನುತ್ತಿದ್ದಳು.

ಅವನ ಮುಖ ನೋಡುವುದಿಲ್ಲವೆಂದು ಬರುವಾಗಲೇ ನಿಶ್ಚಯಿಸಿದ್ದಳು. ನೋಡಬೇಕೆಂಬ ಆಸೆಗೆ ಎದೆ ನೋಯುತ್ತಿತ್ತು.

ಪ್ರಾರ್ಥನೆ ಮುಗಿಯಿತು. ಮಣ್ಣು ಮಾಡುವುದು ಎರಡು ಗಂಟೆಗೆ. ಅಲ್ಲಿಯವರೆಗೆ ಕೆಳಗೆ ಊಟ.

“ಊಟ ಅಂದ್ರೆ ನಂಗೆ ತಾತಾಂಗ್ ಬೈಗುಳಾನೇ ನೆನಪಾಗೋದು,” ಎಂದ ಅರ್ನೆಲ್, ಶಿಷ್ಯರಲ್ಲಿ ಹಿರಿಯ. “ಒಂದ್ಸಲ ಹಸಿವು ಅಂತ ಅರಿವಳಿಕೆ ಕೊಟ್ಟಿದ್ದ ರೋಗೀನ ಇನ್ನೊಬ್ಬರಿಗೆ ಒಪ್ಪಿಸಿ ಹೋಗಿದ್ದೆ. ಬಂದ್ರೆ ಮುದುಕ ಕೆಂಡ! ‘ಲೇ ಕತ್ತೆ, ಅವಳು ನಿನ್ನ ಮುಖ ನಂಬಿ ಕಣ್ಣು ಮುಚ್ಚಿದಾಳೆ. ಬಿಟ್ಟಾಗ ಬೇರೆಯವರ ಮುಖ ಯಾಕೆ ನೋಡ್ಬೇಕು? ನಮ್ಮ ಜಾಗ ತಲೆದೆಸೆ. ಅಲ್ಲೇ ಬಿದ್ದಿರು’ ಅಂದ್ರು.”

“ಎಲ್ಲರಿಗೂ ಅದೇ ಮೊದಲ್ನೇ ಪಾಠ,” ನೆನೆತ್ ನಗುತ್ತ ಕಣ್ಣೊರೆಸಿಕೊಂಡಳು. “ಯಾಕಷ್ಟು ಹಟ ಅಂತ ಕೇಳಿದ್ರೆ ಮಾತ್ರ ಬಾಯಿ ಬಿಡ್ತಿರಲಿಲ್ಲ.”

ಯಾಕೆಂದು ಮೆರ್ಲಿಗೆ ಗೊತ್ತಿತ್ತು.

*

ಫಿಲಿಪೀನ್ಸಿನ ಲವಾಗ್ ಊರಿನ ಒಂದು ಮಧ್ಯಾಹ್ನ. ಅವಳಿಗೆ ಎಂಟು ವರ್ಷ. ತಾಯಿ ತೀರಿಕೊಂಡು ಎರಡು ವರ್ಷ. ಚಾಪೆಯ ಮೇಲೆ ಅಪ್ಪನ ತೋಳೇ ದಿಂಬು.

“ನಾನು ಎದ್ದಾಗ ಇರ್ತೀಯಾ, ತಾತಾಂಗ್?”

“ಇರ್ತೀನಿ ಕಣೇ. ಮಲಗು.”

“ಆಣೆ?”

“ಆಣೆ.”

ಕಣ್ಣು ಬಿಟ್ಟಾಗ ಪಕ್ಕದಲ್ಲಿ ಅತ್ತೆ ಕೂತಿದ್ದಳು. “ಬಸ್ಸು ಆಗಲೇ ಹೋಯ್ತು ಮಗಳೇ,” ಎಂದಳು.

ಅವಳನ್ನು ಅಮೆರಿಕಕ್ಕೆ ಕರೆಸಿಕೊಳ್ಳುವ ಕಾಗದಪತ್ರ ಕೈಸೇರುವಷ್ಟರಲ್ಲಿ ಅವಳಿಗೆ ಮದುವೆಯಾಗಿತ್ತು. ಫೋನಿನಲ್ಲಿ ಹವೆ, ಆರೋಗ್ಯ, ಮೊಮ್ಮಕ್ಕಳ ಶಾಲೆ ಎಲ್ಲ ಬಂದುಹೋದವು. ಆ ಮಧ್ಯಾಹ್ನದ ಮಾತನ್ನು ಅವನು ಎತ್ತಲಿಲ್ಲ, ಅವಳು ಕೇಳಲಿಲ್ಲ. ಕೇಳಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತೇನೋ.

*

“ಬನ್ನಿ ಮನಾಂಗ್, ಎರಡು ತುತ್ತು ತಿನ್ನಿ,” ಅರ್ನೆಲ್ ಮೆಟ್ಟಿಲ ಬಳಿಯಿಂದ ಕರೆದ. “ತಾತಾಂಗ್ ಇನ್ನೆಲ್ಲೂ ಹೋಗಲ್ಲ.”

“ನೀವು ತಿನ್ಕೊಂಡು ಬನ್ನಿ. ನಾನಿಲ್ಲೇ ಇರ್ತೀನಿ.”

ಅವಳು ಕೊನೆಯ ಸಾಲಿನಿಂದ ಒಂದು ಕುರ್ಚಿ ಎತ್ತಿಕೊಂಡು ತೆರೆದ ಪೆಟ್ಟಿಗೆಯ ತನಕ ನಡೆದಳು. ನೆನೆತ್ ಓಡಿಬಂದು ಅದನ್ನು ಪೆಟ್ಟಿಗೆಯ ಮಗ್ಗುಲಿಗೆ ಹಾಕಿದಳು. ಮೆರ್ಲಿ ಅದನ್ನು ತಲೆದೆಸೆಗೆ ಎಳೆದುಕೊಂಡು ಕೂತಳು. ಆಮೇಲೆ ಮುಂದಕ್ಕೆ ಬಾಗಿದಳು, ಅವನು ಕಣ್ಣು ಬಿಟ್ಟರೆ ಮೊದಲು ತನ್ನ ಮುಖವೇ ಕಾಣುವಷ್ಟು.