ಮುಖವಿಲ್ಲದ ಕಾದಂಬರಿ

ರೋಸ್ವಿತಾ ಅವರ ಅಚ್ಚಾದ ಕಾದಂಬರಿ ಒಂದೇ. ಅದರಲ್ಲಿ ಯಾರ ಮುಖದ ವರ್ಣನೆಯೂ ಇಲ್ಲ. ಬೂಟು, ಬೆನ್ನು, ಬೆರಳು, ಕೆಮ್ಮು, ಇಷ್ಟರಲ್ಲೇ ಜನರನ್ನು ಗುರುತಿಸಬೇಕು. ಪೂರ್ವ ಜರ್ಮನಿಯ ಸರ್ಕಾರಿ ಟೀವಿ ಮುಖಂಡರ ಮುಖಗಳನ್ನೇ ತೋರಿಸುತ್ತಿದ್ದ ಕಾಲದಲ್ಲಿ ಹೀಗೆ ಬರೆದದ್ದು ದೊಡ್ಡ ಬಂಡಾಯ ಎಂದು ವಿಮರ್ಶಕರು ಹೊಗಳಿದ್ದರು. ಬರ್ಲಿನ್ ಗೋಡೆ ಬಿದ್ದ ಮೇಲೆ ಗಂಡನ ಜೊತೆ ನ್ಯೂಜಿಲೆಂಡಿಗೆ ಬಂದ ರೋಸ್ವಿತಾ, ಅವನು ತೀರಿಕೊಂಡ ಮೇಲೂ ವೆಲಿಂಗ್ಟನ್ ಪಕ್ಕದ ಲೋವರ್ ಹಟ್ ಊರಿನಲ್ಲೇ ಉಳಿದಿದ್ದರು.

ಧಾರವಾಡದ ಗೌಹರ್ ಆ ಕಾದಂಬರಿಯ ಮೇಲೆ ವೆಲಿಂಗ್ಟನ್ನಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಶನಿವಾರ ಟ್ರೇನ್ ಹಿಡಿದು ರೋಸ್ವಿತಾ ಮನೆಗೆ ಹೋಗುವಳು. ಅವರು ಇವಳಿಗೆಂದೇ ಕೇಕ್ ಮಾಡಿ, ರಮ್ ಹಾಕಿಲ್ಲ ಎಂದು ಪ್ರತಿ ಸಲ ಆಣೆ ಮಾಡುವರು. ಮುಖಗಳೇಕಿಲ್ಲ ಎಂದು ಕೇಳಿದರೆ ಮಾತ್ರ ಮಾತು ಬದಲಿಸುವರು.

ಗೋಡೆ ಬಿದ್ದು ಇಪ್ಪತ್ತು ವರ್ಷವಾದ 2009ರಲ್ಲಿ, ಮೈಸೂರಿನ ಆದಿತ್ಯ ನ್ಯೂಜಿಲೆಂಡಿನ ಒಂದು ಚಾನೆಲ್‌ಗೆ ಸಾಕ್ಷ್ಯಚಿತ್ರ ಮಾಡಲು ಹೊರಟ. ಗೌಹರಳೇ ರೋಸ್ವಿತಾರ ಹೆಸರು ಹೇಳಿದಳು. ಕ್ಯಾಮೆರಾ ಬೇಡವೇ ಬೇಡ ಎಂದರು ಅವರು.

"ಪುಸ್ತಕದ ಬಗ್ಗೆ ಮಾತ್ರ ಕೇಳ್ತಾರೆ. ನಾನು ಪಕ್ಕದಲ್ಲೇ ಇರ್ತೀನಿ," ಎಂದು ಜರ್ಮನ್ನಿನಲ್ಲಿ ಗೋಗರೆದು ಗೌಹರ್ ಒಪ್ಪಿಸಿದಳು.

ಶೂಟಿಂಗ್ ನಡುವೆ ರೋಸ್ವಿತಾ ನೀರಿಗೆಂದು ಒಳಗೆ ಹೋದಾಗ ಆದಿತ್ಯ ಲ್ಯಾಪ್‌ಟಾಪ್ ತೆರೆದು ಒಂದು ಹಳೆಯ ಟೀವಿ ತುಣುಕು ತೋರಿಸಿದ. ಕಪ್ಪು ಬಿಳುಪಿನ ಚಿತ್ರದಲ್ಲಿ ಯುವತಿ ರೋಸ್ವಿತಾ ಕಾಗದ ನೋಡಿ ಓದುತ್ತಿದ್ದರು. ಡೀಟರ್ ಎಂಬ ಕವಿ ದೇಶದ್ರೋಹಿ, ಅವನ ಪದ್ಯಗಳು ವಿಷ ಎಂದು. ಡೀಟರ್ ಅವರ ಜೀವದ ಗೆಳೆಯ, ಜೈಲಿನಲ್ಲೇ ಸತ್ತವನು. ಕಾದಂಬರಿ ಅವನಿಗೇ ಅರ್ಪಿತವಾಗಿತ್ತು.

"ಇದನ್ನ ಮೊದಲ ಹೇಳಬೇಕಿತ್ತಲ್ರಿ," ಎಂದಳು ಗೌಹರ್.

"ಹೇಳಿದ್ರೆ ಬಾಗ್ಲು ತೆಗೀತಿದ್ರಾ? ನಾನು ಪ್ಲೇ ಮಾಡ್ತೀನಿ. ನೋಡೋರಿಗೆ ಅರ್ಥ ಆಗೋ ಹಾಗೆ ನೀವು ಇಂಗ್ಲಿಷ್‌ನಲ್ಲಿ ಹೇಳ್ತಾ ಹೋಗಿ. ಕ್ಯಾಮೆರಾ ಅವರ ಮುಖದ ಮೇಲಿರತ್ತೆ."

ರೋಸ್ವಿತಾ ಲೋಟ ಹಿಡಿದು ಬಂದರು. "ನಿಮ್ಮ ಭಾಷೆಯಲ್ಲಿ ಏನು ಮಾತಾಡ್ತಿದ್ದೀರಿ?" ಎಂದು ಜರ್ಮನ್ನಿನಲ್ಲಿ ಕೇಳಿದರು.

ಹೇಳಿಬಿಡಬಹುದಿತ್ತು. ಆದರೆ ಗೌಹರಳಿಗೆ ಆ ಮುಖ ಈಗ ಏನಾಗುತ್ತದೆ ಎಂದು ನೋಡಬೇಕಿತ್ತು. "ಲೈಟು ಸರಿ ಮಾಡಬೇಕಂತೆ," ಎಂದಳು.

ತುಣುಕು ಓಡಿತು. ಗೌಹರ್ ಒಂದು ಪದವನ್ನೂ ಬಿಡದೆ ಅನುವಾದಿಸಿದಳು. ರೋಸ್ವಿತಾ ಅಳಲಿಲ್ಲ. ಲೋಟವನ್ನು ಮಾತ್ರ ಮೆಲ್ಲಗೆ ನೆಲಕ್ಕಿಟ್ಟರು.

ಅಳದಿದ್ದುದು ಆದಿತ್ಯನಿಗೆ ಹಿಡಿಸಲಿಲ್ಲ. ಅದೇ ಮಾತುಗಳನ್ನು ಟೈಪು ಮಾಡಿಸಿ ತಂದಿದ್ದ ಹಾಳೆಯನ್ನು ಮುಂದೆ ಹಿಡಿದ. "ಇದನ್ನ ಈಗ ಓದೋಕೆ ಹೇಳಿ."

ಖಂಡಿತ ಹರಿದೆಸೆಯುತ್ತಾರೆ ಎಂದುಕೊಂಡೇ ಗೌಹರ್ ಹೇಳಿದಳು. ರೋಸ್ವಿತಾ ಹಾಳೆ ತೆಗೆದುಕೊಂಡರು. ಬೆನ್ನು ನೇರ ಮಾಡಿ, ಹುಡುಗಿಯಂತೆ ಕೂದಲನ್ನು ಕಿವಿಯ ಹಿಂದೆ ಸರಿಸಿ, ಎಲ್ಲೂ ತಡವರಿಸದೆ ಕೊನೆಯವರೆಗೆ ಓದಿದರು. ಆಮೇಲೆ ಕ್ಯಾಮೆರಾದ ಕಡೆ ತಿರುಗಿ ಜರ್ಮನ್ನಿನಲ್ಲೇ ಸಣ್ಣ ದನಿಯಲ್ಲಿ ಕೇಳಿದರು: "ಸರಿಯಾಯಿತಾ? ಇನ್ನೊಮ್ಮೆ ಓದಬೇಕಾ?"

"ಏನಂತೆ?"

"ಇನ್ನೊಮ್ಮೆ ಓದಬೇಕೇನು ಅಂತ ಕೇಳಾಕತ್ತಾರ."

"ಓದ್ಲಿ. ಇನ್ನೊಂದು ಟೇಕ್ ಇರಲಿ."

ಅವರು ಇನ್ನೊಮ್ಮೆ ಓದಿದರು.

ಸಾಕ್ಷ್ಯಚಿತ್ರ ಹೆಸರು ಮಾಡಿತು. ರೋಸ್ವಿತಾರ ಎರಡನೆಯ ಕಾದಂಬರಿಯನ್ನು ಒಪ್ಪಿಕೊಂಡಿದ್ದ ಜರ್ಮನ್ ಪ್ರಕಾಶಕ ಅದನ್ನು ಕೈಬಿಟ್ಟು, ಮೊದಲನೆಯದನ್ನೇ ಮತ್ತೆ ಅಚ್ಚು ಹಾಕಿದ. ಮುಖಪುಟದಲ್ಲಿ ಆ ತುಣುಕಿನ ಯುವತಿಯ ಮುಖ. ಮುನ್ನುಡಿ ಗೌಹರಳದು: ಇಲ್ಲಿ ಮುಖಗಳಿಲ್ಲದಿರುವುದು ಬಂಡಾಯದಿಂದಲ್ಲ, ನಾಚಿಕೆಯಿಂದ. ಆ ಮುನ್ನುಡಿ ನೋಡಿಯೇ ಬರ್ಲಿನ್ನಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು.

ಹೊರಡುವ ಮುಂಚೆ ಪುಸ್ತಕ ಕೊಡಲು ಹೋದಳು. ರೋಸ್ವಿತಾ ಬಾಗಿಲ ಚಿಲಕದ ಸರಪಳಿ ಬಿಚ್ಚದೆ ಸಂದಿಯಲ್ಲೇ ನಿಂತು ಮಾತಾಡಿದರು.

"ಮುನ್ನುಡಿ ಓದಿದೆ, ಪ್ರಕಾಶಕರು ಕಳಿಸಿದ್ದರು. ಸರಿಯಾಗಿ ಬರೆದಿದ್ದೀಯ. ವಿಮರ್ಶಕರು ಹೇಳಿದ್ದನ್ನೇ ನಾನೂ ನಂಬಿಕೊಂಡಿದ್ದೆ."

"ನಿಮ್ಮ ಎರಡನೆಯ ಕಾದಂಬರಿ..."

"ಅದರಲ್ಲಿ ಡೀಟರ್‌ನ ಮುಖ ಬರೆದಿದ್ದೆ. ಕಣ್ಣು, ಹುಬ್ಬು, ಗಲ್ಲದ ಮೇಲಿನ ಗಾಯ, ಎಲ್ಲಾ."

"ನಾನೊಮ್ಮೆ ಓದಬಹುದಾ?"

"ಸುಟ್ಟುಹಾಕಿದೆ," ಎಂದು ಬಾಗಿಲು ಹಾಕಿಕೊಂಡರು.

ವಾಪಸು ಟ್ರೇನಿನಲ್ಲಿ ಕೂತಾಗ ಗೌಹರಳಿಗೆ ಅಳು ಬರಬಹುದೆನಿಸಿತ್ತು, ಬರಲಿಲ್ಲ. ಸುಟ್ಟುಹೋದ ಆ ಕಾದಂಬರಿಯ ಬಗ್ಗೆ ಒಂದು ಲೇಖನ ಬರೆಯಬಹುದಲ್ಲ ಎಂದು ಹೊಳೆಯಿತು. ಪೆಟೋನಿ ಸ್ಟೇಷನ್ ಬರುವಷ್ಟರಲ್ಲಿ ಮೊದಲ ವಾಕ್ಯ ಮನಸ್ಸಿನಲ್ಲಿ ಸಿದ್ಧವಾಗಿತ್ತು.