ಹೊನ್ನನಾಯ್ಕ ಬಾಗಿಲು ತೆಗೆಯಲಿಲ್ಲ

"ಹಾಂಗಾರೆ ಭೈರೋಜಿ ಸತ್ತದ್ದು ದಂಡಾ?" ದುರ್ಗಪ್ಪ ಕುರ್ಚಿಯಲ್ಲೇ ಮುಂದೆ ಬಾಗಿ ಕೇಳಿದ.

ಸಪ್ನಾ ಮೊಬೈಲ್ ಅಂಗಡಿಯ ಕೆಲಸದಿಂದ ಬಂದು, ವೀಡಿಯೋ ಆಟದ ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡು ಟೀವಿ ನೋಡುತ್ತಿದ್ದಳು. ಕೋಟೆಯ ಮೆಟ್ಟಿಲ ಮೇಲೆ ಭೈರೋಜಿ ಎದೆಗೆ ಬಾಣ ನೆಟ್ಟುಕೊಂಡು ಬಿದ್ದಿದ್ದ. ಅವನು ಅಡ್ಡ ನಿಂತು ಉಳಿಸಿದ ರಾಜ ಮೈಮೇಲೆ ಒಂದು ಗೀರೂ ಇಲ್ಲದೆ ದಿಡ್ಡಿಬಾಗಿಲಿನಿಂದ ದೋಣಿಯ ಕಡೆ ಓಡುತ್ತಿದ್ದ.

"ದಂಡ ಅಲ್ದೇ ಮತ್ತೆಂತ ಬಾಬಾ? ರಾಜ ಒಂದ್ಸಲ ತಿರುಗಿ ನೋಡಿದ್ನಾ?"

"ನೋಡ್ಲಿ, ಬಿಡ್ಲಿ. ಉಪ್ಪು ತಿಂದವ ಅಂದ್ರೆ ಹೀಂಗಿರ್ಬೇಕು. ಎಂತಕ್ಕೆ ಅಂದೇಳಿ ಕೇಳೂದಿಲ್ಲ. ಹೇಳಿದ್ದು ಮಾಡ್ತ, ಸಾಯ್ತ."

"ರಾಜ ಹೇಳ್ದ ಅಂದೇಳಿ ಸ್ವಂತ ಅಣ್ಣನ ಮನೆಗೇ ಬೆಂಕಿ ಹಚ್ಚಿದ್ನಲ್ಲ?"

"ಪಾಪ ಹೇಳ್ದವಂಗೆ."

"ಮತ್ತೆ ಕೊಳ್ಳಿ ಹಿಡ್ದ ಕೈಗೆ?"

ದುರ್ಗಪ್ಪ ಎಡಗೈಯಿಂದ ಬಲಗೈಯನ್ನೆತ್ತಿ ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡ. ಬೇಸಿಗೆಯಲ್ಲಿ ಲಕ್ವ ಹೊಡೆದಾಗಿನಿಂದ ಆ ಕೈ ಅವನ ಮಾತು ಕೇಳುತ್ತಿರಲಿಲ್ಲ. ಮಾಜಾಳಿಯ ದಂಡೆಯಲ್ಲಿ ರಂಪಣಿ ಬಲೆ ಎಳೆಯುವವರ ಮುಂದಾಳು ತಾಂಡೇಲನಾಗಿ, ನೀರಿನ ಬಣ್ಣ ನೋಡಿ ಮೀನಿನ ಹಿಂಡು ಎಲ್ಲಿದೆಯೆಂದು ಹೇಳುತ್ತಿದ್ದ ಮನುಷ್ಯ ಈಗ ಮಗಳು ಆಡುವ ಆಟ ನೋಡುತ್ತ ಕೂತಿದ್ದ. ಆಟದ ಯಂತ್ರ ಮಗ ಕಿಶೋರನದು. ಗೋವೆಯ ಹೋಟೆಲಿನಲ್ಲಿ ಕೆಲಸಕ್ಕಿರುವ ಅವನು ಯಾರದೋ ಹಳೆಯದನ್ನು ತಂದು ಮನೆಯಲ್ಲಿ ಬಿಟ್ಟು ಹೋಗಿದ್ದ. ಒಮ್ಮೆ ದುರ್ಗಪ್ಪ ತಾನೂ ಆಡುತ್ತೇನೆಂದು ಕಂಟ್ರೋಲರ್ ಇಸಿದುಕೊಂಡಿದ್ದ. ಎಡಗೈ ಹೆಬ್ಬೆರಳಿಗೆ ನಡಿಗೆ ಸಿಕ್ಕಿತು, ಬಲಗೈಯ ಗುಂಡಿಗಳಲ್ಲಿದ್ದ ಕತ್ತಿ ಮಾತ್ರ ಸಿಗಲಿಲ್ಲ. ಸುಮ್ಮನೆ ನಡೆದು ಹೋಗಿ ಶತ್ರುಗಳ ಕೈಲಿ ಸತ್ತ ಮೇಲೆ ಮತ್ತೆ ಅದನ್ನು ಮುಟ್ಟಿರಲಿಲ್ಲ.

'ಗಡಿಕೋಟೆ' ಎಂಬ ಆ ಆಟದಲ್ಲಿ ನಿಯತ್ತಿನ ಭಟರು ಇಬ್ಬರು. ಒಬ್ಬ ಈ ಭೈರೋಜಿ. ಇನ್ನೊಬ್ಬ ಹೊನ್ನನಾಯ್ಕ, ಕೋಟೆಯ ಹೆಬ್ಬಾಗಿಲು ಕಾಯುವವ. ಓಡಿಹೋದ ರಾಜ ದೋಣಿಯಿಂದಲೇ ಹೇಳಿ ಕಳಿಸುತ್ತಾನೆ, 'ಬಾಗಿಲು ತೆಗೆ, ಕೋಟೆ ಒಪ್ಪಿಸು' ಎಂದು. ಒಳಗೆ ಊರಿಗೆ ಊರೇ ಆಶ್ರಯಕ್ಕೆ ಬಂದು ಕೂತಿದೆ. ಹೊನ್ನನಾಯ್ಕ ಬಾಗಿಲು ತೆಗೆಯುವುದಿಲ್ಲ. ಸಪ್ನಾ ಆಡುತ್ತಿದ್ದದ್ದು ಯಾವಾಗಲೂ ಅವನನ್ನು. ದುರ್ಗಪ್ಪನಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ.

"ಬಾಗ್ಲು ರಾಜಂದು. ತೆಗಿ ಅಂದ್ಮೇಲೆ ತೆಗೀಬೇಕು. ಇಂವ ಯಾರು ಬಂದ್ ಮಾಡೂಕೆ?"

"ಬಾಗ್ಲು ಒಳಗಿದ್ದೋರದ್ದು ಬಾಬಾ."

ಅಷ್ಟರಲ್ಲಿ ಅಂಗಳದಲ್ಲಿ ಚಪ್ಪಲಿಯ ಸದ್ದಾಯಿತು. ಬಂದವನು ಕೇಶವ. ದುರ್ಗಪ್ಪ ಹಾಸಿಗೆ ಹಿಡಿದ ಮೇಲೆ ತಾಂಡೇಲನಾದವನು. ಅವನ ಅಪ್ಪ ಒಂದು ಕಾಲದಲ್ಲಿ ಬಿರುಗಾಳಿಯಲ್ಲಿ ಮುಳುಗುತ್ತಿದ್ದ ದುರ್ಗಪ್ಪನನ್ನು ಕೂದಲು ಹಿಡಿದು ದೋಣಿಗೆ ಎಳೆದುಕೊಂಡಿದ್ದ. ಅಂದಿನಿಂದ ಆ ಮನೆಯವರು ಹೂಂ ಅಂದರೆ ದುರ್ಗಪ್ಪನೂ ಹೂಂ, ಊಹೂಂ ಅಂದರೆ ಊಹೂಂ. ಈಗಲೂ ಕೇಶವನನ್ನು ಕಂಡೊಡನೆ ಏಳಲು ಹೋದ. ಕಾಲು ಏಳಲಿಲ್ಲ.

ಕೇಶವ ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ ಮಾತಾಡಿದ. ಮೊದಲು ಮಳೆ, ಆಮೇಲೆ ಗುಳಿಗೆ, ಆಮೇಲೆ ಕಿಶೋರ. ಕೊನೆಗೆ ದುರ್ಗಪ್ಪನ ಹೆಂಡತಿ ವೈಜಯಂತಿ ಕೊಟ್ಟ ಚಹಾ ಕುಡಿದು ಲೋಟ ಕೆಳಗಿಟ್ಟ.

"ನಾಳೆ ಮೊದಲ ಬಲೆ, ದುರ್ಗಪ್ಪಣ್ಣ. ನಿಂಗಳ ಮನಿಂದ ಹಗ್ಗಕ್ಕೆ ಕೈ ಇಲ್ಲ. ಈ ವರ್ಷ ನಿಂಗಳ ಜಾಗಕ್ಕೆ ನಮ್ಮ ಸಂದೇಶನ ನಿಲ್ಲಿಸೂದು ಅಂದೇಳಿ ಎಲ್ಲರೂ ಹೇಳ್ತ್ರು. ನಿಂಗಳಿಗೆ ಮೀನು ತಪ್ಪೂದಿಲ್ಲ. ಸಾರಿಗೆ ಬೇಕಾದಷ್ಟು ನಾ ದಿನಾ ಕಳಸ್ತೆ."

ಸಂದೇಶ ಕೇಶವನ ತಂಗಿಯ ಮಗ. 'ಎಲ್ಲರೂ' ಅಂದರೆ ಯಾರೆಂದು ಸಪ್ನಾಗೆ ಕೇಳಬೇಕಾಗಿರಲಿಲ್ಲ.

ರಂಪಣಿ ಬಲೆ ಒಬ್ಬರ ಸ್ವತ್ತಲ್ಲ. ಒಂದೊಂದು ಮನೆಯವರು ಒಂದೊಂದು ತುಂಡು ಹೆಣೆದು ತಂದು ಜೋಡಿಸಿದ ಬಲೆ ಅದು. ದುರ್ಗಪ್ಪನ ಮನೆಯ ತುಂಡೂ ಅದರಲ್ಲಿದೆ. ನಾರಳಿ ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟ ಮೇಲೆ ಬೀಳುವ ಮೊದಲ ಬಲೆಯ ಹಗ್ಗಕ್ಕೆ ಯಾವ ಮನೆಯ ಕೈ ತಾಗುತ್ತದೋ ಆ ಮನೆಗೆ ವರ್ಷವಿಡೀ ಪಾಲು. ತಾಗದಿದ್ದರೆ ಇಲ್ಲ. ಒಮ್ಮೆ ಜಾಗ ಹೋದ ಮನೆಗೆ ಅದು ಮರಳಿ ಸಿಕ್ಕಿದ್ದನ್ನು ಆ ದಂಡೆಯಲ್ಲಿ ಯಾರೂ ಕಂಡಿರಲಿಲ್ಲ. ಪಾಲಿನ ಮೀನು ಬೇರೆ, ಸಾರಿನ ಮೀನು ಬೇರೆ. ಒಂದನ್ನು ಬುಟ್ಟಿಯಲ್ಲಿ ಹೊತ್ತು ತರುತ್ತಾರೆ, ಇನ್ನೊಂದಕ್ಕೆ ಪಾತ್ರೆ ಹಿಡಿದು ನಿಲ್ಲಬೇಕು.

"ಆಯ್ತು," ಅಂದ ದುರ್ಗಪ್ಪ. "ನೀವು ಹೇಳ್ದ ಹಾಂಗೆ."

ಸಪ್ನಾಗೆ ಮೈಯೆಲ್ಲ ಉರಿಯಿತು. ಕೇಶವ ಅಂಗಳ ದಾಟುವವರೆಗೂ ಹಲ್ಲು ಕಚ್ಚಿ ಕೂತಳು. ದಾಟಿದ್ದೇ ತಡ, ಅಪ್ಪನ ಕಡೆ ತಿರುಗಿದಳು.

"ಕೊಳ್ಳಿ ಹಚ್ಚೂಕೆ ಅಂವ ಹೇಳ್ದ. ನೀವು ಹಚ್ಚಿದ್ರಿ. ನಮ್ಮ ಮನೆಗೇ!"

"ಬಾಯಿ ಮುಚ್ಚು ಗೋ. ಅವ್ರ ಅಪ್ಪ ಇಲ್ದಿರೆ ನಾನೇ ಇರ್ತಿರ್ಲಿಲ್ಲ. ನಾ ಇಲ್ದಿರೆ ನೀ ಎಲ್ಲಿ?"

"ಅವ್ರ ಅಪ್ಪ ಕೂದಲು ಹಿಡ್ದು ಮೇಲೆ ಎಳ್ದ. ಇಂವ ಕುತ್ತಿಗೆ ಹಿಡ್ದು ಕೆಳಗೆ ನೂಕ್ತ. ಎರಡೂ ಒಂದೇಯಾ?"

ದುರ್ಗಪ್ಪ ಮುಖ ಗೋಡೆಗೆ ತಿರುಗಿಸಿದ.

ಅವಳು ಹಿತ್ತಿಲಿಗೆ ಹೋಗಿ ಕಿಶೋರನಿಗೆ ಫೋನು ಹಚ್ಚಿದಳು. ಮಾಜಾಳಿಯಿಂದ ಗಡಿ ಕೂಗಳತೆಯಲ್ಲಿದೆ, ಅಲ್ಲಿಂದ ಅವನ ಹೋಟೆಲಿಗೆ ಒಂದು ಬಸ್ಸು. ಬೆಳಗಿನ ಒಂದು ಹೊತ್ತು ಬಂದು ಹೋಗು ಎಂದಳು.

"ಆಗೂದಿಲ್ಲ ಗೋ. ರೂಮೆಲ್ಲ ಫುಲ್. ಮ್ಯಾನೇಜರ್ ನನ್ನೇ ನಂಬ್ಕಂಡಿ ಇದ್ದ. ಅಂವಂಗೆ ಮಾತು ಕೊಟ್ಟಿದ್ದೆ."

"ನೀನೂ ಭೈರೋಜಿನೇ," ಎಂದು ಸಪ್ನಾ ಫೋನಿಟ್ಟಳು.

ತಿರುಗಿದರೆ ವೈಜಯಂತಿ ಬಾಗಿಲಲ್ಲಿ ನಿಂತಿದ್ದಳು. ಕಾರವಾರದ ಪೇಟೆಯಲ್ಲಿ ಮೀನು ಮಾರಿ ಮಾರಿ ಅವಳ ಗಂಟಲು ದೊಡ್ಡದಾಗಿತ್ತು. ಆದರೆ ಮನೆಯಲ್ಲಿ ಗಂಡನ ಮುಂದೆ ಅದನ್ನು ಅಷ್ಟಾಗಿ ತೆಗೆಯುತ್ತಿರಲಿಲ್ಲ. ಈಗಲೂ ಮೆಲ್ಲಗೆ ಅಂದಳು: "ಅಂಕೋಲೆಲಿ, ನಮ್ಮ ತವರಲ್ಲಿ, ನನ್ನ ಅಜ್ಜಿ ಹಗ್ಗ ಎಳ್ದದ್ದು ನಾನೇ ನೋಡಿದ್ದೆ. ಕಚ್ಚೆ ಹಾಕಂಡಿ ಎಳ್ದಿತ್ತು."

"ಇಲ್ಲಿ ಯಾರಾರೂ ಹೆಂಗಸ್ರು ಎಳ್ದಿದ್ರಾ ಆಯಿ?"

"ಇಲ್ಲ. ಎಳೀಬಾರ್ದು ಅಂದೇಳಿ ಹೇಳಿದ್ದೂ ನಾ ಕೇಳ್ಲಿಲ್ಲ."

ಬೆಳಿಗ್ಗೆ ಮಳೆ ಬಿಟ್ಟಿತ್ತು. ದಂಡೆಯಲ್ಲಿ ಜಾತ್ರೆಯಷ್ಟು ಜನ. ಕೇಶವ ಕಾಯಿಗೆ ಕುಂಕುಮ ಹಚ್ಚಿ ಕಡಲಿಗೆ ಬಿಟ್ಟ. ದೋಣಿ ಬಲೆ ಬಿಡುತ್ತ ಬಿಡುತ್ತ ಅರ್ಧ ಸುತ್ತು ಹೋಗಿ ಹಗ್ಗದ ಇನ್ನೊಂದು ತುದಿಯನ್ನು ದಂಡೆಗೆ ತಂದಿತು. ಎರಡೂ ಕಡೆ ಗಂಡಸರು ಸಾಲು ಕಟ್ಟಿದರು. ಸಾಲಿನಲ್ಲಿ ಯಾರ ಜಾಗ ಯಾವುದೆಂದು ಎಲ್ಲರಿಗೂ ಗೊತ್ತು. ದುರ್ಗಪ್ಪನ ಮನೆಯ ಜಾಗದಲ್ಲಿ ಹೊಸ ಬರ್ಮುಡಾ ತೊಟ್ಟ ಸಂದೇಶ ಬಂದು ನಿಂತು, ಹಗ್ಗ ಮುಟ್ಟುವ ಮೊದಲು ಒಂದು ಸೆಲ್ಫಿ ತೆಗೆದುಕೊಳ್ಳಲು ಹೋದ.

ಅಷ್ಟು ಹೊತ್ತು ಸಾಕಾಯಿತು. ಸಪ್ನಾ ಅವನ ಮುಂದೆ ನುಗ್ಗಿ ಎರಡೂ ಕೈಯಿಂದ ಹಗ್ಗ ಹಿಡಿದಳು.

ಯಾರೋ ನಕ್ಕರು. ಸಂದೇಶ ಅವಳ ಭುಜಕ್ಕೆ ಕೈ ಹಾಕಲು ಬಂದ, ಹಿಂದಿನ ಮುದುಕನೊಬ್ಬ ಗದರಿದ. "ಏ, ಬಿಡಿಸ್ಬೇಡ! ಬಲೆ ನೀರಲ್ಲಿದ್ದು."

ಅದೂ ಆ ದಂಡೆಯ ಕಟ್ಟಳೆಯೇ. ಬಲೆ ನೀರಿನಲ್ಲಿರುವಾಗ ಹಗ್ಗಕ್ಕೆ ಬಿದ್ದ ಕೈಯನ್ನು ಯಾರೂ ಬಿಡಿಸುವಂತಿಲ್ಲ. ಬಿಡಿಸಿದರೆ ಕಡಲು ಮುನಿಯುತ್ತದೆ. ಆ ಕೈಯನ್ನು ವಾಪಸು ಕರೆಯುವ ಹಕ್ಕು ಒಬ್ಬನಿಗೆ ಮಾತ್ರ, ಆ ಮನೆಯ ಯಜಮಾನನಿಗೆ. ಸಣ್ಣವಳಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಸಪ್ನಾ ಇದನ್ನೆಲ್ಲ ಕೇಳಿದ್ದಳು. ಕೇಶವನಿಗೂ ಅದು ಗೊತ್ತಿತ್ತು.

"ಏನು ಗೋ ಇದು ಆಟ?" ಅಂದ ಅವನು, ನಗುವನ್ನು ಮುಖದಿಂದ ಬಿಡದೆ. "ಮೊಬೈಲ್ ಅಂಗಡಿ ಕೆಲಸ ಅಂದ್ಕಂಡ್ಯಾ? ಕೈ ಹರೀತದೆ. ಬಿಡು."

"ಹರೀಲಿ. ನಮ್ಮನೆ ತುಂಡೂ ಇದ್ರಲ್ಲಿದ್ದು. ನಾ ಬಿಡೂದಿಲ್ಲ."

"ನಿನ್ನ ಅಪ್ಪನೇ ಒಪ್ಪಿದ್ದ."

"ನಾ ಒಪ್ಲಿಲ್ಲ."

ಕೇಶವ ಇಬ್ಬರು ಹುಡುಗರನ್ನು ದುರ್ಗಪ್ಪನ ಮನೆಗೆ ಓಡಿಸಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಅವನ ಲೆಕ್ಕ. ದುರ್ಗಪ್ಪ ಬಂದು ಒಮ್ಮೆ ಹೆಸರು ಹಿಡಿದು ಕರೆದರೆ ಹುಡುಗಿ ಹಗ್ಗ ಬಿಡಬೇಕು, ಕಡಲಿಗೂ ಕೋಪವಿಲ್ಲ, ಊರಿಗೂ ಮಾತಿಲ್ಲ. ಇಷ್ಟು ವರ್ಷ ದುರ್ಗಪ್ಪ ಕೇಶವನ ಮನೆಯ ಮಾತು ಮೀರಿದ್ದುಂಟೇ?

ಹುಡುಗರು ಅವನನ್ನು ಕುರ್ಚಿಯ ಸಮೇತ ಹೊತ್ತು ತಂದು ಮರಳಿನ ಮೇಲಿಟ್ಟರು. ಹಿಂದೆಯೇ ವೈಜಯಂತಿ ಬಂದಳು. ಅವಳ ತಲೆಯ ಮೇಲೆ ಪೇಟೆಗೆ ಒಯ್ಯುವ ದೊಡ್ಡ ಬುಟ್ಟಿಯಿತ್ತು, ಖಾಲಿ. ಅವಳು ಅದನ್ನು ಇಳಿಸಲೂ ಇಲ್ಲ.

ಲಕ್ವ ಹೊಡೆದ ಮೇಲೆ ದುರ್ಗಪ್ಪ ದಂಡೆ ನೋಡಿದ್ದು ಅದೇ ಮೊದಲು. ಅವನು ಮೊದಲು ಕಡಲು ನೋಡಿದ, ಆಮೇಲೆ ಹಗ್ಗ, ಆಮೇಲೆ ಮಗಳು. ಅವಳ ಕಾಲು ಕಣಕಾಲಿನವರೆಗೆ ಮರಳಿನಲ್ಲಿ ಹೂತಿತ್ತು. ಅಪ್ಪ ಕರೆಯುತ್ತಾನೆ ಎಂದೇ ಸಪ್ನಾ ತಿಳಿದಳು. ಕರೆದರೂ ಬಿಡುವುದಿಲ್ಲ ಎಂದುಕೊಂಡಳು. ಹಾಗೆಂದುಕೊಂಡಾಗ ಅವಳಿಗೆ ಅಳು ಬಂತು, ಅಪ್ಪನ ಮಾತನ್ನು ಊರೆದುರು ಅವಳು ಯಾವತ್ತೂ ತೆಗೆದುಹಾಕಿರಲಿಲ್ಲ.

"ಕರೀರಿ ದುರ್ಗಪ್ಪಣ್ಣ," ಅಂದ ಕೇಶವ. "ಹೊತ್ತಾಯ್ತು. ಮೀನು ಹೋತದೆ."

ದುರ್ಗಪ್ಪ ಬಾಯಿ ತೆರೆದ. ತುಟಿ ಒಂದು ಕಡೆಗೆ ಸೊಟ್ಟಗೆ ಎಳೆಯಿತು.

"ನಿಂಗಳ ಅಪ್ಪ ಒಳ್ಳೆಯವ ಇದ್ದ ಕೇಶವಾ," ಅಂದ.

"ಹೌದು. ಅದ್ಕೇ..."

"ಅಂವ ಇದ್ದಿದ್ರೆ ಈ ಮಾತು ಹೇಳ್ತಿರ್ಲಿಲ್ಲ." ದುರ್ಗಪ್ಪ ಉಸಿರು ತೆಗೆದುಕೊಂಡ. "ಹೊನ್ನನಾಯ್ಕ ಬಾಗ್ಲು ತೆಗೀಲಿಲ್ಲ."

ಕೇಶವ ಸುತ್ತ ನೋಡಿದ. "ಯಾರು? ಯಾವ ಹೊನ್ನನಾಯ್ಕ?"

ಯಾರಿಗೂ ತಿಳಿಯಲಿಲ್ಲ. ಪಾಪ, ಲಕ್ವ ತಲೆಗೂ ಏರಿದೆ ಎಂದು ಒಬ್ಬರು ಪಿಸುಗುಟ್ಟಿದರು. ಸಪ್ನಾ ಒಬ್ಬಳಿಗೇ ತಿಳಿಯಿತು, ಅವಳು ಅಳುತ್ತಲೇ ನಕ್ಕಳು. ದುರ್ಗಪ್ಪ ಕುರ್ಚಿಯ ಕೈ ಹಿಡಿದು ಏಳಲು ಹೊರಟ. ಹುಡುಗರು ಹಿಡಿಯಲು ಬಂದರೆ ಬೈದ. ಎಡಗಾಲಿನ ಮೇಲೆ ಭಾರ ಹಾಕಿ ಎದ್ದು, ಬಲಗಾಲೆಳೆಯುತ್ತ ಬಂದು ಮಗಳ ಹಿಂದೆ ನಿಂತು ಎಡಗೈಯನ್ನು ಹಗ್ಗಕ್ಕೆ ಹಾಕಿದ. ಆಮೇಲೆ ಹಳೆಯ ತಾಂಡೇಲನ ಗಂಟಲಿನಿಂದ, ಸೊಟ್ಟ ಬಾಯಿಯಲ್ಲೇ, ದಂಡೆಯ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಕೂಗಿದ:

"ಎಳೀರಿ ರೇ!"

ಇಷ್ಟು ವರ್ಷ ಆ ಕೂಗಿಗೆ ಎಳೆದ ಕೈಗಳು. ಕೇಶವನ ಮುಖ ನೋಡುವ ಮೊದಲೇ ಅವು ಎಳೆದವು.

ಬಲೆ ಬರಲು ಬೆಳಗು ಪೂರ್ತಿ ಹಿಡಿಯಿತು. ಸಪ್ನಾಳ ಅಂಗೈಯ ತೊಗಲು ಮೊದಲ ಗಳಿಗೆಯಲ್ಲೇ ಕಿತ್ತುಬಂತು, ಉಪ್ಪುನೀರು ತಾಗಿ ಜೀವ ಹೋದಷ್ಟು ಉರಿಯಿತು. ಅವಳು ಬಿಡಲಿಲ್ಲ. ಸಂದೇಶ ಸ್ವಲ್ಪ ಹೊತ್ತು ನಿಂತು ನೋಡಿ, ಆಮೇಲೆ ತನ್ನ ಮಾವನ ಹಿಂದೆ ಹೋಗಿ ಹಗ್ಗ ಹಿಡಿದ. ಬಂದದ್ದು ಮಹಾ ಮೀನೇನಲ್ಲ, ಬಂಗಡೆ ಒಂದಿಷ್ಟು, ಉಳಿದದ್ದು ಸಣ್ಣ ತಾರಲಿ. ಪಾಲು ಹಾಕುವಾಗ ಕೇಶವ ದುರ್ಗಪ್ಪನ ಮನೆಯ ಸರದಿ ಬಂದಲ್ಲಿ ಕೈ ತಡೆದ. ವೈಜಯಂತಿ ಆಗ ಬುಟ್ಟಿಯನ್ನು ತಲೆಯಿಂದ ಇಳಿಸಿ ಅವನ ಕಾಲಬುಡದಲ್ಲಿ ಕುಕ್ಕಿದಳು. ಪೇಟೆಯ ಗಂಟಲು ಅವತ್ತು ದಂಡೆಯಲ್ಲಿ ಹೊರಬಂತು.

"ಹಾಕು. ಸಾರಿಗಲ್ಲ, ಪಾಲಿಗೆ!"

ಕೇಶವ ಹಾಕಿದ. ಸಿಟ್ಟಿನಿಂದಲೇ ಹಾಕಿದ. ನಾಳೆಯಿಂದ ಅವನು ಏನೇನು ಕಿರುಕುಳ ತೆಗೆಯುತ್ತಾನೋ ಯಾರಿಗೂ ಗೊತ್ತಿರಲಿಲ್ಲ.

ಸಂಜೆ ಬಂಗಡೆಯ ಸಾರು ಉಂಡ ಮೇಲೆ ದುರ್ಗಪ್ಪ ಕುರ್ಚಿಯಲ್ಲಿ ಕೂತು ಟೀವಿಯ ಕಡೆ ಗದ್ದ ಎತ್ತಿದ.

"ಹಚ್ಚು ಗೋ."

"ಕೈ ನೋಡಿ ಬಾಬಾ." ಸಪ್ನಾ ಎರಡೂ ಕೈಗೆ ಅರಿಸಿನ ಎಣ್ಣೆ ಬಳಿದು ಬಟ್ಟೆ ಸುತ್ತಿಕೊಂಡಿದ್ದಳು. ಎಡಗೈಯ ಬೆರಳು ಮಡಚುತ್ತಲೇ ಇರಲಿಲ್ಲ. ಬಲಗೈಯ ಹೆಬ್ಬೆರಳು ಮಾತ್ರ ಹೇಗೋ ಅಲ್ಲಾಡುತ್ತಿತ್ತು.

ದುರ್ಗಪ್ಪ ಯೋಚಿಸಿದ. ಕಂಟ್ರೋಲರನ್ನು ಎಡಗೈಯಿಂದ ಎತ್ತಿ, ಅದರ ಎಡ ಅರ್ಧವನ್ನು ತಾನು ಹಿಡಿದು, ಬಲ ಅರ್ಧವನ್ನು ಅವಳ ಕಡೆ ಚಾಚಿದ. ಸಪ್ನಾ ನೆಲದ ಮೇಲೆ ಅವನ ಮೊಣಕಾಲಿಗೆ ಒರಗಿ ಕೂತು ಅದಕ್ಕೆ ತನ್ನ ಹೆಬ್ಬೆರಳು ಇಟ್ಟಳು. ನಡಿಗೆ ಅಪ್ಪನ ಕೈಯಲ್ಲಿ, ಕತ್ತಿ ಮಗಳ ಕೈಯಲ್ಲಿ.

ಹೆಬ್ಬಾಗಿಲ ಮುಂದೆ ಹೊನ್ನನಾಯ್ಕ ಪ್ರತ್ಯಕ್ಷನಾದ. ರಾಜನ ದೂತ ಕುದುರೆ ಓಡಿಸುತ್ತ ಬಂದು ಬಾಗಿಲು ತೆಗೆ ಎಂದು ಕೂಗಿದ. ಅವನ ಹಿಂದೆ ಪಂಜುಗಳು ಏರಿ ಬರುತ್ತಿದ್ದವು.

"ಹಿಂದೆ ಸರಿಬೇಡಿ ಬಾಬಾ," ಅಂದಳು ಸಪ್ನಾ.

ದುರ್ಗಪ್ಪನ ಎಡಗೈ ಹೆಬ್ಬೆರಳು ಕಂಟ್ರೋಲರಿನ ನಡಿಗೆಯ ಕಡ್ಡಿಯ ಮೇಲಿತ್ತು. ಅವನು ಅದನ್ನು ಎತ್ತಲಿಲ್ಲ, ಒತ್ತಲೂ ಇಲ್ಲ. ಹೊನ್ನನಾಯ್ಕ ನಿಂತಲ್ಲೇ ನಿಂತ.