ಹಗ್ಗದ ಕೊನೆಯವಳು

"ಐಸಾ!" ಎಂದು ಶೀಲಾ ಕೂಗಿದ್ದೇ ತಡ, ಎಂಟು ಜನ ಹೆಂಗಸರ ಹಿಮ್ಮಡಿಗಳು ಒಟ್ಟಿಗೆ ಕೆಸರಿಗಿಳಿದವು. ಹಗ್ಗದ ಆ ತುದಿಯಲ್ಲಿದ್ದದ್ದು ಊರಿನ ಪ್ರವೀಣನ ಜೀಪು. ಗದ್ದೆಗಿಳಿಯುವ ದಾರಿಯಲ್ಲಿ ಅದನ್ನು ನಿಲ್ಲಿಸಿ, ಗೇರು ತಪ್ಪಿಸಿ, ಬ್ರೇಕನ್ನು ಅರ್ಧ ಒತ್ತಿಕೊಂಡು ಕೂತಿದ್ದ ಅವನು ತಲೆ ಹೊರಹಾಕಿ ನಗುತ್ತಿದ್ದ. ಮೊದಲ ಎಳೆತಕ್ಕೆ ಜೀಪು ಅಲುಗಲಿಲ್ಲ. ಎರಡನೆಯ ಕೂಗಿಗೆ, ಎಲ್ಲರಿಗಿಂತ ಹಿಂದೆ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಂತಿದ್ದ ವಿಶಾಲಮ್ಮ ಹಿಂದಕ್ಕೆ ವಾಲಿದಳು. ಜಗಲಿಯ ಮೇಲೆ ಕೂರುವವಳ ಹಾಗೆ ವಾಲಿದಳು, ಅಷ್ಟೇ. ಜೀಪು ಒಂದು ಗೇಣು ಬಂತು. ಆಮೇಲೆ ನಿಲ್ಲಲೇ ಇಲ್ಲ.

"ಅಯ್ಯಯ್ಯೋ, ಬುಡ್ರವ್ವ! ಗಾಡಿ ಗದ್ದೆಗೇ ಬಿದ್ದೋಯ್ತದೆ!" ಎಂದು ಪ್ರವೀಣ ಅರಚಿದ.

ಹೆಂಗಸರು ನಗುತ್ತ ಬದುವಿನ ಮೇಲೆ ಉರುಳಿಕೊಂಡರು. ಹೊಂಗಡಹಳ್ಳದ ಈ ತಂಡ ಹೆಗ್ಗದ್ದೆಯ ಕೆಸರುಗದ್ದೆ ಆಟದಲ್ಲಿ ಎರಡು ವರ್ಷದಿಂದ ಹಗ್ಗಜಗ್ಗಾಟ ಗೆಲ್ಲುತ್ತ ಬಂದಿತ್ತು. ಮೂರನೆಯ ಸಲವೂ ಗೆದ್ದರೆ ಷೀಲ್ಡು ಇನ್ನು ವಾಪಸು ಕೊಡುವ ಹಾಗಿಲ್ಲ, ಊರಿನಲ್ಲೇ ಉಳಿಯುತ್ತದೆ. ಆಟಕ್ಕೆ ಇನ್ನು ಮೂರು ವಾರವಿತ್ತು; ಜೀಪು ಎಳೆಯುವುದು ಅದರ ಅಭ್ಯಾಸ.

"ನಮ್ ವಿಶಾಲಿ ಹಿಂದೆ ನಿಂತ್ರೆ ಮುಗೀತು ಕಣ್ರೇ," ಎಂದಳು ಮುನಿಯಮ್ಮ. ಅರವತ್ತು ದಾಟಿದ ಬಡಕಲು ಹೆಂಗಸು. ಹಗ್ಗದಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವವಳು. "ಹೆಗ್ಗದ್ದೇರು ಹಗ್ಗ ಮುಟ್ಟಾದೇ ಬ್ಯಾಡ. ಊಟ ಮಾಡ್ಕೊಂಡು ಮನೆಗೋಗ್ಲಿ."

ವಿಶಾಲಮ್ಮನಿಗೆ ಇನ್ನೂ ಏದುಸಿರು. ಸೆರಗಿನಿಂದ ಮುಖ ಒರೆಸಿಕೊಂಡು, "ಒಂದ್ ಮಾತು ಹೇಳ್ಬೇಕು ನಿಮ್ಗೆ," ಎಂದಳು. "ಡಾಕ್ಟ್ರಮ್ಮ ನಂಗೊಂದು ಇಂಜೆಕ್ಷನ್ ಬರ್ಕೊಟ್ಟವ್ರೆ. ವಾರಕ್ಕೊಂದು. ಹೊಟ್ಟೆಗೆ ನಾನೇ ಚುಚ್ಕೋಬೇಕು. ಸಕ್ಕರೆ ಕಾಯ್ಲೆನೂ ಹತೋಟಿಗೆ ಬತ್ತದಂತೆ, ತೂಕನೂ ಇಳೀತದಂತೆ."

ನಗು ನಿಂತುಹೋಯಿತು. ತಂಡ ಕಟ್ಟಿದವಳು, ಕೂಗು ಹಾಕುವವಳು ಎಲ್ಲ ಶೀಲಾ. ಅವಳು ಎದ್ದು ಕುಳಿತಳು. "ಎಷ್ಟು ಇಳೀತದೆ?"

"ವರ್ಷ ತುಂಬೋ ಹೊತ್ಗೆ ಹತ್ತು ಹನ್ನೆರ್ಡು ಕೇಜಿ ಇಳೀಬೋದು ಅಂದ್ರು. ಒಬ್ಬೊಬ್ರಿಗೆ ಒಂದೊಂಥರ."

"ಹನ್ನೆರ್ಡು ಕೇಜಿನಾ! ನಮ್ ಹಗ್ಗದಿಂದ ಓಯ್ತದಲ್ಲೇ ಮಾರಾಯ್ತಿ ಅದು!"

"ನಿನ್ ಹಗ್ಗದ್ ಮನೆ ಹಾಳಾಗ, ಅವ್ಳ ಮಂಡಿ ನೋವ್ಗೆ ಒಳ್ಳೇದಾಯ್ತದೆ ಬುಡೇ," ಎಂದಳು ಮುನಿಯಮ್ಮ. ಮರುಕ್ಷಣವೇ ಅವಳಿಗೂ ಅನುಮಾನ ಬಂತು. "ಆದ್ರೆ ನಮ್ ಎಸ್ಟೇಟ್ ಅಮ್ಮಾರು ತಗೊಂಡಿದ್ರಲ್ಲ, ತಿಂಗ್ಳುಗಟ್ಲೆ ವಾಂತಿ. ಕೆನ್ನೆಯೆಲ್ಲ ಬಾಡಿದ್ ಬದ್ನೇಕಾಯಿ ಆಗ್ಬುಟ್ಟಿತ್ತು."

"ನಂಗೂ ಒಂದು ಚುಚ್ಚಿ ದೊಡ್ಡಮ್ಮ," ಎಂದು ಹಿಂದಿನಿಂದ ಒಂದು ದನಿ ಬಂತು. ಶೀಲಾಳ ಮಗಳು ಚೈತ್ರಶ್ರೀ. ಇಪ್ಪತ್ತರ ದುಂಡು ಹುಡುಗಿ. ನೀರಿನ ಬಾಟಲಿ ಹೊತ್ತು ಬರುವುದಷ್ಟೇ ಅವಳ ಕೆಲಸ. ಇಂಥ ಸೆಕೆಯಲ್ಲೂ ದುಪಟ್ಟಾವನ್ನು ಹೊಟ್ಟೆಯ ಮೇಲೆ ಹರಡಿಕೊಂಡೇ ಕೂರುತ್ತಿದ್ದಳು. "ಒಂದೇ ಒಂದು. ಫೋನಲ್ಲಿ ನೋಡಿದೀನಿ, ಎಲ್ಲಾರೂ ಸಣ್ಣ ಆಗವ್ರೆ."

"ನಿಂಗ್ಯಾಕೆ, ನಿಂಗೇನ್ ಕಾಯ್ಲೆ?" ಎಂದಳು ವಿಶಾಲಮ್ಮ. "ನನ್ ರಕ್ತ ನೋಡಿ, ಕಣ್ ನೋಡಿ, ನಮ್ಮನೇಲಿ ಯಾರಿಗ್ ಯಾವ್ ಕ್ಯಾನ್ಸರ್ ಇತ್ತು ಅಂತ ಕೇಳಿ, ಆಮೇಲ್ ಬರ್ಕೊಟ್ರು. ಒಬ್ರು ಚುಚ್ಕೊಂಡ ಇಂಜೆಕ್ಷನ್ ಪೆನ್ನು ಇನ್ನೊಬ್ರು ಮುಟ್ಟಂಗೇ ಇಲ್ಲ."

ಸಕಲೇಶಪುರದ ಡಾಕ್ಟರಮ್ಮ ಅವಸರ ಮಾಡಿರಲಿಲ್ಲ. ನೂರಾ ಮೂರು ಕೇಜಿ ಎಂದು ಬರೆದುಕೊಂಡಾಗ ಗದರಲೂ ಇಲ್ಲ, ನಗಲೂ ಇಲ್ಲ. ಅದಕ್ಕೇ ವಿಶಾಲಮ್ಮನಿಗೆ ಆ ಹೆಣ್ಣುಮಗಳ ಮಾತು ಕಿವಿಯಲ್ಲಿ ನಿಂತಿತ್ತು. ಹಸಿವು ಕಡಿಮೆಯಾಗುತ್ತದೆ, ಹೊಟ್ಟೆ ಬೇಗ ತುಂಬುತ್ತದೆ. ಸಕ್ಕರೆ ಇಳಿದರೆ ಕಣ್ಣು, ಕಿಡ್ನಿ, ಕಾಲು ಉಳಿಯುತ್ತವೆ. ಮೊದಮೊದಲು ವಾಕರಿಕೆ, ಮಲಬದ್ಧತೆ ಬರಬಹುದು. ತಡೆಯಲಾರದ ಹೊಟ್ಟೆನೋವು ಬಂದು ಬೆನ್ನಿಗೆ ಹೊಡೆದರೆ ಆ ದಿನವೇ ಓಡಿ ಬರಬೇಕು. ನಡುವೆ ಬಿಟ್ಟರೆ ಇಳಿದ ತೂಕ ಮತ್ತೆ ಏರುತ್ತದೆ. "ಊಟ ಬಿಟ್ಟು ಕೂತ್ರೆ ಕೊಬ್ಬಿನ ಜೊತೆ ಮಾಂಸಖಂಡನೂ ಕರಗುತ್ತೆ. ಮೊಟ್ಟೆ, ಕಾಳು ತಿನ್ಬೇಕು, ಕೆಲಸ ಮಾಡ್ತಾ ಇರ್ಬೇಕು," ಎಂದಿದ್ದರು. ಶಕ್ತಿ ಹೋಗುತ್ತದೆಯೇ ಎಂದು ವಿಶಾಲಮ್ಮ ಮೂರು ಸಲ ಕೇಳಿದ್ದಳು. ಯಾವ ಶಕ್ತಿಯ ಮಾತು ಎಂದು ಪಾಪ ಅವರಿಗೆ ತಿಳಿದಿರಲಿಲ್ಲ.

ಇದನ್ನೆಲ್ಲ ವಿಶಾಲಮ್ಮನ ಬಾಯಲ್ಲಿ ಕೇಳಿ ಶೀಲಾ ತೊಡೆ ತಟ್ಟಿದಳು. "ಆಟ ಮುಗ್ದ ಸೋಮವಾರ ಚುಚ್ಕೊ! ಇಷ್ಟ್ ವರ್ಷ ಇದ್ದ ಕಾಯ್ಲೆ ಮೂರ್ ವಾರ ಕಾಯಲ್ವಾ? ಈಗ ವಾಂತಿ ಗೀಂತಿ ಅಂತ ಮಲಿಕ್ಕೊಂಡ್ರೆ ನಮ್ ಗತಿ ಏನಕ್ಕ?"

ವಿಶಾಲಮ್ಮ ಸುಲಭವಾಗಿ ಒಪ್ಪಿಬಿಟ್ಟಳು. ನಿಜ ಹೇಳಬೇಕೆಂದರೆ, ಯಾರಾದರೂ ಹೀಗೆ ಹೇಳಲಿ ಎಂದೇ ಕಾದಿದ್ದಳು. ಬಸ್ಸಿನಲ್ಲಿ ಪಕ್ಕದವರು ಅವಳನ್ನು ಕಂಡರೆ ಸರಿದು ಕೂರುತ್ತಿದ್ದರು. ಮದುವೆಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡರೆ ಹಿಂದೆ ಯಾರೋ ಕಿಸಕ್ಕೆನ್ನುತ್ತಿದ್ದರು. ವರ್ಷಕ್ಕೊಂದು ದಿನ, ಆ ಗದ್ದೆಯಲ್ಲಿ ಮಾತ್ರ, ಅವಳು ಜೀಪಿನಿಂದ ಇಳಿದರೆ ಮೈಕಿನವನು ಹೆಸರು ಹಿಡಿದು ಕೂಗುತ್ತಿದ್ದ. ಗುರುತಿಲ್ಲದ ಮುದುಕರು "ಆಯಮ್ಮ ಬಂದ್ಲು, ಆಯಮ್ಮ ಬಂದ್ಲು" ಎಂದು ಬದುವಿನ ಮೇಲೆ ಜಾಗ ಮಾಡಿಕೊಳ್ಳುತ್ತಿದ್ದರು. ಅವಳ ಈ ಮೈಯನ್ನು ಜನ ಕೈತಟ್ಟಿ ಕರೆಯುತ್ತಿದ್ದದ್ದು ಅಲ್ಲೊಂದೇ ಕಡೆ.

ಕಾಲುವೆಯಲ್ಲಿ ಕೆಸರು ತೊಳೆದುಕೊಳ್ಳಲು ಇಳಿದಾಗ ಚೈತ್ರಶ್ರೀ ಚೀರಿದಳು. "ದೊಡ್ಡಮ್ಮ, ರಕ್ತ!"

ನೀರಿನಲ್ಲಿ ಕೆಂಪು ಎಳೆಯೊಂದು ವಿಶಾಲಮ್ಮನ ಎಡಗಾಲಿನಿಂದ ಹೊರಟಿತ್ತು. ಕಾಲೆತ್ತಿ ನೋಡಿದರೆ ಹಿಮ್ಮಡಿಯಲ್ಲಿ ಬೆರಳುಗಾತ್ರದ ಬಾಟಲಿ ಚೂರು. ಅದು ಯಾವಾಗ ಹೊಕ್ಕಿತ್ತೋ. ಅದರ ಮೇಲೇ ಭಾರ ಬಿಟ್ಟು ಅವಳು ಜೀಪು ಎಳೆದಿದ್ದಳು.

"ನೋವಾಗ್ಲಿಲ್ವೇನೇ ನಿಂಗೆ?" ಎಂದು ಮುನಿಯಮ್ಮ ಕೇಳಿದಳು.

ವಿಶಾಲಮ್ಮ ಚೂರನ್ನು ಕಿತ್ತಳು. ಕಿತ್ತದ್ದೂ ಅವಳಿಗೆ ಬೇರೆ ಯಾರದೋ ಕಾಲಿನಿಂದ ಕಿತ್ತ ಹಾಗಿತ್ತು.

ಮಾರನೆಯ ದಿನ ಗಂಡ ಜವರಯ್ಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ಗಾಯ ತೊಳೆದು ಪಟ್ಟಿ ಕಟ್ಟಿ, ಸಣ್ಣದೊಂದು ದಾರದಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟಿ "ಗೊತ್ತಾಗುತ್ತಾ?" ಎಂದು ಕೇಳುತ್ತ ಹೋದರು. ಐದು ಕಡೆ ಗೊತ್ತಾಗಲಿಲ್ಲ. ಸಕ್ಕರೆ ಕಾಯಿಲೆ ನರದ ತನಕ ಹೋಗಿದೆ, ಗಾಯ ಮಾಗುವ ತನಕ ಕೆಸರಿಗೆ ಇಳಿಯಬಾರದು ಎಂದರು.

ವಿಷಯ ಕೇಳಿ ಶೀಲಾ ಮನೆಗೇ ಓಡಿಬಂದಳು. ಕೈಯಲ್ಲಿ ತೋಟದ ಗಂಬೂಟು. "ಇದ್ ಹಾಕ್ಕೊಂಡು ನಿಂತ್ಕೋ ಅಕ್ಕ. ಹೆಗ್ಗದ್ದೇರ್ನ ಕೇಳೀನಿ, ಬೂಟ್ ಹಾಕ್ಬೋದಂತೆ. ಒಳಗೆ ಪ್ಲಾಸ್ಟಿಕ್ ಸುತ್ಕೊ. ಇಂಜೆಕ್ಷನ್ ಆಮೇಲ್ ಇದ್ದೇ ಐತೆ."

ಜವರಯ್ಯ ಒಲೆಯ ಮುಂದೆ ಕುಳಿತಿದ್ದವನು ಕೆಮ್ಮಿದ. ವಿಶಾಲಮ್ಮ ಬೂಟನ್ನು ಕೈಗೆ ತೆಗೆದುಕೊಂಡು ಒಳಗೊಮ್ಮೆ ನೋಡಿದಳು. ಹಾಕಿಕೊಳ್ಳುವ ಆಸೆ ಅವಳ ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ ಅದನ್ನು ಬಾಗಿಲ ಬಳಿ ಇಟ್ಟಳು.

"ಕೊನೇಲಿ ನಿಲ್ಲೋಳಿಗೆ ಹಿಮ್ಮಡೀಲಿ ಕೆಸರು ತಿಳೀಬೇಕು ಕಣೇ ಶೀಲಾ. ಎಲ್ ಗಟ್ಟಿ ಐತೆ, ಎಲ್ ಜಾರ್ತದೆ ಅಂತ. ನಂಗೆ ಗಾಜು ಹೊಕ್ಕಿದ್ದೇ ತಿಳೀಲಿಲ್ಲ. ಕಾಲು ಜಾರಿ ಬಿದ್ರೆ ನಿಮ್ಮೆಲ್ಲಾರ್ನೂ ಕೆಡವ್ತೀನಿ."

"ಹಂಗಾರೆ ಷೀಲ್ಡು?"

"ನಿನ್ ಮಗ್ಳನ್ನ ನಿಲ್ಸು."

"ಚೈತ್ರನಾ? ಅವ್ಳು ನಾಚ್ಕೊಂಡೇ ಸಾಯ್ತಾಳೆ!"

"ನಾನ್ ಹೇಳ್ಕೊಡ್ತೀನಿ. ಕರ್ಕೊಂಡ್ ಬಾ."

ಶೀಲಾ ಹೋದ ಮೇಲೆ ವಿಶಾಲಮ್ಮ ಫ್ರಿಜ್ಜಿನಿಂದ ಪೆನ್ನು ತೆಗೆದಳು. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು, ಡಾಕ್ಟರಮ್ಮ ತೋರಿಸಿದಂತೆ ಒತ್ತಿದಳು. ಇರುವೆ ಕಚ್ಚಿದಷ್ಟೂ ನೋವಾಗಲಿಲ್ಲ. ಜವರಯ್ಯ ಮಾತ್ರ ಗೋಡೆ ಕಡೆ ತಿರುಗಿ, "ಆಯ್ತಾ? ಆಯ್ತಾ?" ಎನ್ನುತ್ತಿದ್ದ.

"ಚುಚ್ಕೊಂಡೋಳು ನಾನು. ನಿಮ್ಗ್ಯಾಕ್ರೀ ಬೆವರು?"

ಮೂರು ವಾರ ಕಣ್ಣುಮುಚ್ಚಿ ತೆಗೆಯುವುದರೊಳಗೆ ಕಳೆಯಿತು. ಎರಡು ದಿನ ವಾಕರಿಕೆ ಕಾಡಿತು. ಮೀನಿನ ವಾಸನೆ ಬಂದರೆ ಅಂಗಳಕ್ಕೆ ಎದ್ದು ಹೋಗುತ್ತಿದ್ದಳು. ಮೂರು ಅಕ್ಕಿರೊಟ್ಟಿ ತಿನ್ನುತ್ತಿದ್ದವಳಿಗೆ ಒಂದಕ್ಕೇ ಸಾಕಾಗುತ್ತಿತ್ತು. ಜವರಯ್ಯ ಬೇಯಿಸಿದ ಮೊಟ್ಟೆ ಸುಲಿದು ಕೈಗೆ ಕೊಟ್ಟು, ನುಂಗುವ ತನಕ ಎದುರಿಗೇ ನಿಲ್ಲುತ್ತಿದ್ದ. ತೂಕ ಇಳಿದದ್ದು ಒಂದೂವರೆ ಕೇಜಿ. ಬೆಳಗಿನ ಸಕ್ಕರೆ ಮಾತ್ರ ಐವತ್ತು ಪಾಯಿಂಟು ಇಳಿದಿತ್ತು. ದಿನವೂ ಸಂಜೆ ಅವಳು ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ಗದ್ದೆಯಂಚಿನಲ್ಲಿ ಕೂತು ಚೈತ್ರಶ್ರೀಗೆ ಕೂಗಿ ಕೂಗಿ ಹೇಳುತ್ತಿದ್ದಳು: "ಕೈಲಿ ಎಳೀಬ್ಯಾಡ! ಕೂತ್ಕೊ! ಗಾಳೀಲಿ ಕೂತ್ಕೊ!"

ಆಟದ ದಿನ ಹೆಗ್ಗದ್ದೆಯ ಬದುಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮೈಕಿನವನು ವಿಶಾಲಮ್ಮನ ಹೆಸರು ಕೂಗಿದ. ಅವಳು ಗದ್ದೆಗೆ ಇಳಿಯದಿದ್ದದ್ದನ್ನು ನೋಡಿ ಎದುರು ತಂಡದ ಕಡೆಯಿಂದ ಕೇಕೆ ಎದ್ದಿತು. "ಲಾರಿ ಪಂಚರ್ ಆಗೈತೆ ಕಣ್ರೋ!" ಎಂದು ಯಾರೋ ಅಂದರು.

ವಿಶಾಲಮ್ಮ ಅತ್ತ ತಿರುಗಲಿಲ್ಲ. ಬದುವಿನ ಅಂಚಿನಲ್ಲಿ ಕೂತು ಚೈತ್ರಶ್ರೀಯ ಸೊಂಟಕ್ಕೆ ಹಗ್ಗ ಸುತ್ತುತ್ತಿದ್ದಳು. ಹುಡುಗಿ ದುಪಟ್ಟಾವಿಲ್ಲದೆ, ಉಸಿರು ಕಟ್ಟಿ, ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು ನಿಂತಿದ್ದಳು.

"ಹೊಟ್ಟೆ ಬುಡು."

"ಎಲ್ರೂ ನೋಡ್ತಾವ್ರೆ ದೊಡ್ಡಮ್ಮ."

"ನೋಡೋಕೇ ಬಂದವ್ರೆ. ಬುಡವ್ವ, ಹಗ್ಗ ಹೊಟ್ಟೆ ಮೇಲೆ ಕೂರ್ಬೇಕು."

ಚೈತ್ರಶ್ರೀ ಕಣ್ಣುಮುಚ್ಚಿ ಉಸಿರು ಬಿಟ್ಟಳು. ಹಗ್ಗ ಬಿಗಿಯಾಗಿ ಕೂತಿತು.

ಒಂದು ಎಳೆತ ಅವರು ಗೆದ್ದರು, ಇನ್ನೊಂದು ಇವರು ಗೆದ್ದರು. ಮೂರನೆಯದಕ್ಕೆ ಸೀಟಿ ಬಿದ್ದಾಗ ಮಳೆ ಹನಿಯುತ್ತಿತ್ತು. ಮುನಿಯಮ್ಮ ಮೊದಲ ಜಗ್ಗಿಗೇ ಮಂಡಿಯೂರಿದಳು, ಬೈಯುತ್ತ ಎದ್ದಳು. ಹಗ್ಗದ ನಡುವಿನ ಕೆಂಪು ಬಟ್ಟೆ ಹೆಗ್ಗದ್ದೆಯ ಕಡೆಗೆ ಒಂದು ಮೊಳ ಹೋಯಿತು. ಇನ್ನೊಂದು ಮೊಳ ಹೋಗುವುದರಲ್ಲಿತ್ತು.

"ಕೂತ್ಕೊಳ್ಳೇ!" ಎಂದು ವಿಶಾಲಮ್ಮ ಎದ್ದು ನಿಂತು ಕೂಗಿದಳು. "ಚೈತ್ರಾ, ಕೂತ್ಕೊ!"

ಹುಡುಗಿ ಕೂತಳು. ಹಗ್ಗ ನಿಂತಿತು. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಹದಿನಾರು ಜನರ ನಡುವೆ ಅದು ಕಬ್ಬಿಣದ ಸಲಾಕೆಯಂತೆ ನೆಟ್ಟಗಾಗಿ ಸಣ್ಣಗೆ ನಡುಗುತ್ತಿತ್ತು. ಚೈತ್ರಶ್ರೀಯ ಹಿಮ್ಮಡಿ ಕೆಸರೊಳಗೆ ಗಟ್ಟಿ ನೆಲ ಹುಡುಕುತ್ತ ಹುಡುಕುತ್ತ, ಒಂದು ಬೆರಳಿನಷ್ಟು ಹಿಂದಕ್ಕೆ ಬಂತು. ಹಗ್ಗವೂ ಅಷ್ಟು ಇತ್ತ ಬಂತು.

ಬದುವಿನ ಮೇಲೆ ವಿಶಾಲಮ್ಮ ಎರಡೂ ಮುಷ್ಟಿ ಬಿಗಿದು, ಇಲ್ಲದ ಹಗ್ಗವನ್ನು ಹಿಡಿದವಳಂತೆ ಹಿಂದಕ್ಕೆ ವಾಲಿದ್ದಳು. ಬೆನ್ನ ಹಿಂದೆ ಜವರಯ್ಯ ಕೊಡೆಯನ್ನು ಕೆಳಗೆ ಬಿಟ್ಟು, ಎರಡೂ ಕೈ ಚಾಚಿಕೊಂಡು ನಿಂತಿದ್ದ. ಅವಳು ಇನ್ನೂ ಸ್ವಲ್ಪ ವಾಲಿದಳು.